ಕಂದವೊಂದರ ನಾಮಾಂತರವೂ ವ್ರತದ ಪ್ರಶ್ನೆಯೂ

ಕಂದಮೂಲ ತ್ಯಾಗವು ನಮ್ಮ ಮನೆಗಳಲ್ಲಿ ಎಷ್ಟು ಸಹಜವಾಗಿ ಬೆರೆತುಹೋಗಿದೆಯೆಂದರೆ, ಆ ವಿಷಯದಲ್ಲಿ ಹೊಸದಾಗಿ ವಿಚಾರಿಸತಕ್ಕದ್ದು ಏನೂ ಉಳಿದಿಲ್ಲವೆಂದೇ ನಾವು ಭಾವಿಸುತ್ತೇವೆ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ, ಮೂಲಂಗಿ, ಗಜ್ಜರಿ, ಗೆಣಸು, ಸುವರ್ಣಗಡ್ಡೆ ಎಂದು ಹೆಸರುಗಳನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿಸುತ್ತೇವೆ. ಆ ಪಟ್ಟಿಯಲ್ಲಿರುವುದನ್ನು ಮನೆಗೆ ತರುವುದಿಲ್ಲ, ಪಟ್ಟಿಯಲ್ಲಿ ಇಲ್ಲದ್ದನ್ನು ನಿಶ್ಚಿಂತೆಯಿಂದ ಉಣ್ಣುತ್ತೇವೆ. ಹೆಸರನ್ನು ನೆನಪಿಟ್ಟುಕೊಂಡು ಲಕ್ಷಣವನ್ನು ಮರೆತರೆ ಏನಾಗುವುದೆಂಬುದನ್ನು 2022ರ ದಶಲಕ್ಷಣ ಪರ್ವದಲ್ಲಿ ನಮ್ಮ ಮನೆಯಲ್ಲಿಯೇ ಕಂಡೆನು. ಆ ಪ್ರಸಂಗವನ್ನು ವಾಚಕರ ಮುಂದಿಡಲು ಸಂಕೋಚವಿದೆ. ಆದರೆ ಅದರಿಂದ ಎದ್ದ ಪ್ರಶ್ನೆಯು ನಮ್ಮ ಮನೆಯೊಂದರದೇ ಆಗಿರಲಾರದು.

ನನ್ನ ಅಕ್ಕನವರಿಗೆ ಆಗ 79 ವರ್ಷ. ತಮ್ಮ 26ನೆಯ ವಯಸ್ಸಿನಲ್ಲಿ, ಊರಿನಲ್ಲಿ ಚಾತುರ್ಮಾಸಕ್ಕೆ ನೆಲೆಸಿದ್ದ ಮುನಿಮಹಾರಾಜರ ಸನ್ನಿಧಿಯಲ್ಲಿ, ಆಜೀವಪರ್ಯಂತ ಕಂದಮೂಲ ತ್ಯಾಗದ ನಿಯಮವನ್ನು ಸ್ವೀಕರಿಸಿದವರು ಅವರು. ಮದುವೆ ಮುಂಜಿಗಳಲ್ಲಿ, ಯಾತ್ರೆಯಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲೆಯೂ ಆ ನಿಯಮಕ್ಕೆ ಲೋಪ ಬಂದುದಿಲ್ಲ. ಪರ್ವದ ಹತ್ತು ದಿನವೂ ಅವರಿಗೆ ಏಕಾಶನ. ಆ ವರ್ಷ ಇಂಗ್ಲೆಂಡಿನಲ್ಲಿರುವ ಮೊಮ್ಮಗಳು ಬಂದುಹೋಗುವ ಪರಿಚಿತರ ಕೈಯಲ್ಲಿ ಎರಡು ಪೊಟ್ಟಣಗಳನ್ನು ಕಳುಹಿಸಿದ್ದಳು. ಒಂದರಲ್ಲಿ ನಸುಗೆಂಪಾದ ನುಣುಪು ಹಿಟ್ಟು. ಇನ್ನೊಂದರಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡದಾದ, ಸುಕ್ಕುಗಟ್ಟಿದ, ಕಂದುಬಣ್ಣದ ಗುಂಡುಗಳು. ಎರಡರ ಮೇಲೆಯೂ 'ಟೈಗರ್ ನಟ್' ಎಂದು ಮುದ್ರಿತವಾಗಿತ್ತು. ಬಾದಾಮಿ, ಗೋಡಂಬಿ, ಅಕ್ರೋಟಗಳಂತೆ ಇದೂ ಯಾವುದೋ ಮರದ ಬೀಜವಿರಬೇಕೆಂದು ಎಲ್ಲರೂ ತಿಳಿದೆವು. ಅಕ್ಕನವರ ಸೊಸೆ ಆ ಹಿಟ್ಟಿಗೆ ತುಪ್ಪ ಬೆಲ್ಲ ಕೂಡಿಸಿ ಉಂಡೆ ಕಟ್ಟಿದಳು. ಪರ್ವದ ಮೂರನೆಯ ದಿನದ ಏಕಾಶನದಲ್ಲಿ ಅಕ್ಕನವರು ಒಂದನ್ನು ತಿಂದರು. ರುಚಿಯಾಗಿದೆಯೆಂದು ಇನ್ನೊಂದನ್ನೂ ಬಡಿಸಿಕೊಂಡರು.

ಏಳನೆಯ ದಿನ ಕೃಷಿಶಾಸ್ತ್ರ ಓದುತ್ತಿರುವ ನೆರೆಮನೆಯ ಹುಡುಗ ಪ್ರವಚನದ ವೇಳೆ ಕೇಳಲು ನಮ್ಮ ಮನೆಗೆ ಬಂದಿದ್ದನು. ಮೇಜಿನ ಮೇಲಿದ್ದ ಗುಂಡುಗಳಲ್ಲಿ ಒಂದನ್ನು ಎತ್ತಿ ತಿರುಗಿಸಿ ನೋಡಿ, "ಇದು ಬೀಜವಲ್ಲ, ಜೇಕಿನ ಜಾತಿಯ ಗಡ್ಡೆ" ಎಂದನು. ಅಕ್ಕನವರು ಒಳಕೋಣೆಯಲ್ಲಿದ್ದರು. ಆದರೆ ಅವರ ಕಿವಿ ಇನ್ನೂ ಚುರುಕಾಗಿದೆ.

ಹುಡುಗನು ಹೇಳಿದ್ದು ಸರಿ. ನಮ್ಮ ಹೊಲಗದ್ದೆಗಳಲ್ಲಿ ಜೇಕು, ತುಂಗೆ, ಕೊನ್ನಾರಿ ಎಂದು ಹಲವು ಹೆಸರಿನಿಂದ ಕರೆಯಲ್ಪಡುವ, ರೈತನಿಗೆ ಕಳೆಯಾಗಿಯೂ ವೈದ್ಯನಿಗೆ ಮುಸ್ತೆ ಅಥವಾ ಭದ್ರಮುಷ್ಟಿ ಎಂಬ ಔಷಧಿಯಾಗಿಯೂ ಪರಿಚಿತವಾದ ಸಸ್ಯವೊಂದಿದೆ. ಹುಲ್ಲಿನಂತೆ ಕಂಡರೂ ಅದು ಹುಲ್ಲಲ್ಲ; ಬೆರಳಿನಲ್ಲಿ ಹೊರಳಿಸಿದರೆ ಅದರ ಕಾಂಡವು ಮೂರು ಮೂಲೆಯದೆಂದು ತಿಳಿಯುತ್ತದೆ. ಅದರ ಒಡಹುಟ್ಟಿನಂತಹ ಇನ್ನೊಂದು ಸಸ್ಯವೇ ಈ ಟೈಗರ್ ನಟ್. ಸಸ್ಯಶಾಸ್ತ್ರಜ್ಞ ಲಿನೇಯಸನು 1753ರಲ್ಲಿ ಇದಕ್ಕೆ ಸೈಪರಸ್ ಎಸ್ಕುಲೆಂಟಸ್ ಎಂದು ಹೆಸರಿಟ್ಟನು. ಎಸ್ಕುಲೆಂಟಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತಿನ್ನಲು ಯೋಗ್ಯವಾದುದು ಎಂದರ್ಥ. ಮುಸ್ತೆಯ ಗಡ್ಡೆ ಕಹಿ ಮತ್ತು ಸುಗಂಧಿ. ಇದರ ಗಡ್ಡೆ ಸಿಹಿ. ಗಿಡದ ಬುಡದಿಂದ ಮಣ್ಣಿನೊಳಗೆ ದಾರದಂತಹ ಕುಡಿಗಳು ಹರಿದು, ಪ್ರತಿಯೊಂದು ಕುಡಿಯ ತುದಿ ಉಬ್ಬಿ ಒಂದೊಂದು ಗಡ್ಡೆಯಾಗುತ್ತದೆ. ಅದರಲ್ಲಿ ಪಿಷ್ಟವಿದೆ, ಸಕ್ಕರೆಯಿದೆ, ಸುಮಾರು ಕಾಲು ಭಾಗದಷ್ಟು ಎಣ್ಣೆಯಿದೆ. ಎಣ್ಣೆಯಿಂದಾಗಿಯೇ ಬಾದಾಮಿಯ ರುಚಿ. ಆ ರುಚಿಯಿಂದಾಗಿಯೇ ಬೀಜವೆಂಬ ಹೆಸರು.

ಇದು ನಿನ್ನೆ ಮೊನ್ನೆ ಕಂಡುಹಿಡಿದ ಆಹಾರವೂ ಅಲ್ಲ. ಈಜಿಪ್ಟಿನ ಅತಿ ಪುರಾತನ ಸಮಾಧಿಗಳಲ್ಲಿ ಒಣಗಿದ ಈ ಗಡ್ಡೆಗಳು ದೊರೆತಿವೆ. ಕ್ರಿಸ್ತಪೂರ್ವ 15ನೆಯ ಶತಮಾನದಲ್ಲಿ ಅಲ್ಲಿನ ಮಂತ್ರಿಯಾಗಿದ್ದ ರೆಖ್ಮಿರೆಯ ಸಮಾಧಿಯ ಗೋಡೆಯ ಮೇಲೆ ಇವನ್ನು ಕುಟ್ಟಿ ಜೇನು ಬೆರೆಸಿ ಭಕ್ಷ್ಯ ಮಾಡುವ ಚಿತ್ರವಿದೆ. ನಮ್ಮ ಉಂಡೆಗೂ ಅದಕ್ಕೂ ಹೆಚ್ಚು ಅಂತರವಿಲ್ಲ! ಪಶ್ಚಿಮ ಆಫ್ರಿಕದ ನೈಜರ್, ಮಾಲಿ, ಬುರ್ಕಿನಾ ಫಾಸೊ, ನೈಜೀರಿಯ, ಘಾನಾ ದೇಶಗಳಲ್ಲಿ ಇದು ಬಡವರ ತಿಂಡಿಯೂ ಹೌದು, ಮಾರುವ ಬೆಳೆಯೂ ಹೌದು. ಸ್ಪೇನ್ ದೇಶದ ವಲೆನ್ಸಿಯ ಪ್ರಾಂತದಲ್ಲಿ ಇದಕ್ಕೆ ಚೂಫಾ ಎಂದು ಹೆಸರು. ಅದನ್ನು ನೆನೆಸಿ ರುಬ್ಬಿ ಹಿಂಡಿದ ಹಾಲಿಗೆ ಸಕ್ಕರೆ ಬೆರೆಸಿ ತಣ್ಣಗೆ ಕುಡಿಯುವುದು ಅಲ್ಲಿಯ ಬೇಸಿಗೆಯ ರೂಢಿ. ಆ ಪಾನೀಯಕ್ಕೆ ಓರ್ಚಾತಾ ಎನ್ನುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಹಾಲು ಒಗ್ಗದವರಿಗೆ, ಗೋಧಿ ಒಗ್ಗದವರಿಗೆ ಇದು ಒಳ್ಳೆಯದೆಂದು ಹಿಟ್ಟಿನ ರೂಪದಲ್ಲಿ ಬಹಳ ಕಡೆ ಮಾರಾಟವಾಗುತ್ತಿದೆ. ಪ್ರಾಣಿಜನ್ಯವಾದದ್ದು ಏನೂ ಇಲ್ಲದ ಶುದ್ಧ ಸಸ್ಯಾಹಾರವೆಂಬ ಮುದ್ರೆಯನ್ನು ನೋಡಿಯೇ ನಮ್ಮ ಹುಡುಗಿ ಕೊಂಡಳು. ಮುದ್ರೆಯು ಸುಳ್ಳಲ್ಲ. ಆದರೆ ನಮ್ಮ ಸಸ್ಯಾಹಾರಕ್ಕೂ ಲೋಕದ ಸಸ್ಯಾಹಾರಕ್ಕೂ ನಡುವೆ ಇರುವ ಅಂತರವನ್ನು ಆ ಮುದ್ರೆ ಒತ್ತುವವನು ತಿಳಿದಿರಬೇಕೆಂದು ನಾವು ನಿರೀಕ್ಷಿಸುವುದಾದರೂ ಹೇಗೆ?

ಆ ದಿನ ನಾನು ಮಾಡಿದ ತಪ್ಪನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಹುಡುಗ ಹೋದ ಮೇಲೆ ನಾನು ಇಂಗ್ಲೆಂಡಿಗೆ ದೂರವಾಣಿ ಮಾಡಿ, "ಐವತ್ತು ವರ್ಷ ಕಾಪಾಡಿಕೊಂಡು ಬಂದ ನಿನ್ನ ಅಜ್ಜಿಯ ವ್ರತವನ್ನು ಕೆಡಿಸಿದೆಯಲ್ಲ" ಎಂದುಬಿಟ್ಟೆನು. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಸಣ್ಣಜ್ಜ, ಗಡ್ಡೆ ಎಂದೇ ಇಟ್ಟುಕೊಳ್ಳೋಣ. ಅದು ಒಣಗಿ ಎಷ್ಟು ತಿಂಗಳಾಗಿತ್ತೋ ಏನೋ. ಯಂತ್ರದಲ್ಲಿ ಹಿಟ್ಟಾಗಿ ಬಂದದ್ದು. ಅದರಲ್ಲಿ ಯಾವ ಜೀವ ಉಳಿದಿತ್ತು? ಮನೆಯಲ್ಲಿ ಒಣಶುಂಠಿಯ ಕಷಾಯ ಕುಡಿಯುವುದಿಲ್ಲವೇ? ಸಾರಿಗೆ ಅರಿಶಿನ ಹಾಕುವುದಿಲ್ಲವೇ?" ಎಂದು ಕೇಳಿದಳು. ಕಿರಿಯರ ಇಂತಹ ಪ್ರಶ್ನೆಗಳಿಗೆ ನಾವು ಸಾಮಾನ್ಯವಾಗಿ ಕೊಡುವ ಉತ್ತರವನ್ನೇ ನಾನೂ ಕೊಟ್ಟೆನು. ಹಿರಿಯರು ಹೇಳಿದ್ದನ್ನು ಪಾಲಿಸಬೇಕು, ವಾದಿಸಬಾರದು ಎಂದೆನು. ಅನಂತರ ಸುಮಾರು ಒಂದು ತಿಂಗಳು ಅವಳಿಂದ ಕರೆ ಬರಲಿಲ್ಲ.

ಅವಳ ಪ್ರಶ್ನೆಗಳು ಉದ್ಧಟತನದವಲ್ಲ, ಶಾಸ್ತ್ರದ ಒಳಗಿನಿಂದಲೇ ಏಳತಕ್ಕವು ಎಂಬುದು ಆಮೇಲೆ ಹೊಳೆಯಿತು. ಆದುದರಿಂದ ಅವುಗಳನ್ನು ಒಂದೊಂದಾಗಿ ವಿಚಾರಿಸಿದೆನು.

ಮೊದಲನೆಯದು, ಪಟ್ಟಿಯಲ್ಲಿ ಹೆಸರಿಲ್ಲದ ವಸ್ತುವಿನ ಬಗೆಗೆ ನಿರ್ಣಯ ಹೇಗೆ ಎಂಬುದು. ಆಲೂಗಡ್ಡೆಯ ಹೆಸರು ಯಾವ ಪ್ರಾಚೀನ ಶ್ರಾವಕಾಚಾರದಲ್ಲಿಯೂ ಇರಲು ಸಾಧ್ಯವಿಲ್ಲ. ಅದು ದಕ್ಷಿಣ ಅಮೆರಿಕದಿಂದ ಬಂದದ್ದು. ಶೇಂಗಾ ಕೂಡ ಅಲ್ಲಿಂದಲೇ ಬಂದದ್ದು. ಎರಡೂ ಮಣ್ಣಿನೊಳಗಿಂದ ಅಗೆದು ತೆಗೆಯುವಂತಹವು. ಹಾಗಿದ್ದರೂ ನಮ್ಮ ಹಿರಿಯರು ಆಲೂಗಡ್ಡೆಯನ್ನು ಬಿಟ್ಟರು, ಶೇಂಗಾವನ್ನು ಸ್ವೀಕರಿಸಿದರು. ಏಕೆಂದರೆ ಶೇಂಗಾದ ಹೂವು ನೆಲದ ಮೇಲೆ ಅರಳುತ್ತದೆ. ಪರಾಗಸ್ಪರ್ಶವಾದ ಮೇಲೆ ಅದರ ಬುಡದಿಂದ ಒಂದು ಸೂಜಿಯಂತಹ ತೊಟ್ಟು ಕೆಳಗಿಳಿದು ಮಣ್ಣನ್ನು ಹೊಕ್ಕು, ಅಲ್ಲಿ ಕಾಯಿಯಾಗುತ್ತದೆ. ಅದು ನೆಲದೊಳಗೆ ಅಡಗಿದ ಫಲ, ಬೇರೂ ಅಲ್ಲ, ಕಂದವೂ ಅಲ್ಲ. ಸಸ್ಯಶಾಸ್ತ್ರದ ಪದವಿಯಿಲ್ಲದ ನಮ್ಮ ಅಜ್ಜಿಯರು ಹೊಲದಲ್ಲಿ ನಿಂತು ಕಣ್ಣಿನಿಂದ ನೋಡಿ ಮಾಡಿದ ನಿರ್ಣಯವಿದು. ಅವರು ಹೆಸರನ್ನು ನೋಡಲಿಲ್ಲ, ಇರುವ ಸ್ಥಳವನ್ನೂ ನೋಡಲಿಲ್ಲ, ಲಕ್ಷಣವನ್ನು ನೋಡಿದರು. ಟೈಗರ್ ನಟ್ಟಿನ ವಿಷಯದಲ್ಲಿ ನಾವು ಮಾಡಿದ್ದು ಇದಕ್ಕೆ ತದ್ವಿರುದ್ಧ.

ಲಕ್ಷಣಗಳನ್ನು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರದ ಜೀವಕಾಂಡದಲ್ಲಿ ವಿಶದವಾಗಿ ತಿಳಿಸಿದ್ದಾರೆ. ಚಾವುಂಡರಾಯನ ಕಾಲದಲ್ಲಿ ರಚಿತವಾದ ಆ ಗ್ರಂಥಕ್ಕೆ ಕೇಶವವರ್ಣಿಗಳು 1359ರಲ್ಲಿ ಕನ್ನಡದಲ್ಲಿಯೇ ವೃತ್ತಿಯನ್ನು ಬರೆದರೆಂಬುದು ನಮಗೆ ಹೆಮ್ಮೆಯ ಸಂಗತಿ. ವನಸ್ಪತಿಗಳು ಯಾವುದರಿಂದ ಹುಟ್ಟುತ್ತವೆ ಎಂಬುದನ್ನು ಹಿಡಿದು ಮೂಲಬೀಜ, ಅಗ್ರಬೀಜ, ಪರ್ವಬೀಜ, ಕಂದಬೀಜ, ಸ್ಕಂಧಬೀಜ, ಬೀಜರುಹ, ಸಮ್ಮೂರ್ಛಿಮ ಎಂದು ಅಲ್ಲಿ ವಿಂಗಡಿಸಲಾಗಿದೆ. ಒಂದು ಸ್ವಾರಸ್ಯವನ್ನು ಗಮನಿಸಬೇಕು. ಶಾಸ್ತ್ರದ ಭಾಷೆಯಲ್ಲಿ ಕಂದವೂ ಒಂದು ಬಗೆಯ ಬೀಜವೇ! ಅಂಗಡಿಯವನು ಬೀಜವೆಂದು ಕರೆದದ್ದು ಈ ಅರ್ಥದಲ್ಲಂತೂ ಅಲ್ಲ. ಮುಂದೆ, ನಾಳ, ಸಂಧಿ, ಗಿಣ್ಣುಗಳು ಹೊರಗೆ ಕಾಣದಿರುವುದು, ಮುರಿದರೆ ಸಮನಾಗಿ ಮುರಿಯುವುದು, ನಡುವೆ ನಾರು ಇಲ್ಲದಿರುವುದು, ಕತ್ತರಿಸಿದರೂ ಮತ್ತೆ ಚಿಗುರುವುದು, ಇವು ಅನಂತ ಜೀವಗಳಿಗೆ ಆಶ್ರಯವಾದ ವನಸ್ಪತಿಯ ಗುರುತುಗಳೆಂದು ಹೇಳಲಾಗಿದೆ. ಅಂತಹ ಒಂದು ಶರೀರವನ್ನು ಆಶ್ರಯಿಸಿ ನಿಗೋದ ಜೀವಗಳು ಒಟ್ಟಿಗೆ ಹುಟ್ಟಿ, ಒಟ್ಟಿಗೆ ಆಹಾರ ಉಸಿರುಗಳನ್ನು ಪಡೆದು, ಒಟ್ಟಿಗೆ ಸಾಯುತ್ತವೆ. ಆ ಕಾರಣದಿಂದ ಸಪ್ರತಿಷ್ಠಿತ ಪ್ರತ್ಯೇಕವಾದ ಕಂದವು ತ್ಯಾಜ್ಯ.

ಚೂಫಾದ ಗಡ್ಡೆಯ ತುದಿಯಲ್ಲಿ ಹಲವು ಕಣ್ಣುಗಳಿರುತ್ತವೆ. ಒಂದು ಮೊಳಕೆಯನ್ನು ಚಿವುಟಿದರೆ ಇನ್ನೊಂದು ಏಳುತ್ತದೆ. ಇದರ ಕಾಡುರೂಪವು ಅಮೆರಿಕದಲ್ಲಿ ರೈತರನ್ನು ಗೋಳಾಡಿಸುವ ಕಳೆ. ಮಿನ್ನೆಸೋಟ ರಾಜ್ಯದಲ್ಲಿ ನೆಟ್ಟ ಒಂದೇ ಗಡ್ಡೆಯಿಂದ ಒಂದು ವರ್ಷದೊಳಗೆ ಸುಮಾರು 1,900 ಸಸಿಗಳೂ 7,000ದಷ್ಟು ಗಡ್ಡೆಗಳೂ ಆದುವೆಂದು 1961ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಕೊಟ್ಟಿದೆ. ಇದನ್ನು ಹಿಡಿದು ವಿಜ್ಞಾನವು ನಿಗೋದವನ್ನು ಸಿದ್ಧಪಡಿಸಿತೆಂದು ಬೀಗುವುದು ಬೇಡ. ಏಳು ಸಾವಿರವು ಅನಂತವಲ್ಲ, ಸಸಿಯ ಎಣಿಕೆಯು ಜೀವದ ಎಣಿಕೆಯೂ ಅಲ್ಲ. ಆದರೆ ಛಿನ್ನವಾದರೂ ರೋಹಿಸುವ ವಸ್ತು ಯಾವುದೆಂದು ತೋರಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಶ್ವೇತಾಂಬರ ಆಮ್ನಾಯದವರು ಹೇಳುವ ಮೂವತ್ತೆರಡು ಅನಂತಕಾಯಗಳ ಪಟ್ಟಿಯಲ್ಲಿ ಇದರ ಒಡಹುಟ್ಟಾದ ಮುಸ್ತೆಯ ಹೆಸರೇ ಇದೆ. ಅಲ್ಲಿ ಅದನ್ನು ಹಸಿಯ ಮುಸ್ತೆ ಎಂದು ವಿಶೇಷಣ ಸಹಿತವಾಗಿ ಹೇಳಿರುವುದು ನಮ್ಮ ಎರಡನೆಯ ಪ್ರಶ್ನೆಗೆ ದಾರಿಯಾಗುತ್ತದೆ.

ಹಸಿ ಎಂಬ ಈ ವಿಶೇಷಣವು ನಮ್ಮಲ್ಲಿಯೂ ಇದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಮೂಲಂಗಿಯೊಡನೆ ಶುಂಠಿಯನ್ನು ತ್ಯಾಜ್ಯವೆಂದು ಹೇಳುತ್ತಾರೆ. ಆದರೆ ಬರಿಯ ಶುಂಠಿ ಎನ್ನದೆ ಆರ್ದ್ರವಾದ ಶುಂಠಿ ಎನ್ನುತ್ತಾರೆ. ಕಾರಣವನ್ನೂ ಕೊಡುತ್ತಾರೆ. ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ ಎಂಬುದೇ ಆ ಕಾರಣ. ಈ ಆಧಾರದಿಂದ ಒಣಶುಂಠಿ, ಒಣ ಅರಿಶಿನಗಳ ಬಳಕೆ ನಮ್ಮ ಮನೆಗಳಲ್ಲಿ ನಡೆದುಬಂದಿದೆ. ಅವನ್ನೂ ಬಿಟ್ಟವರು ಇದ್ದಾರೆ, ಅವರು ವಂದನೀಯರು. ಹಾಗಾದರೆ ಒಣಗಿದ ಚೂಫಾ ಏಕೆ ಆಗದು?

ಇದಕ್ಕೆ ಉತ್ತರಿಸಬೇಕಾದರೆ ಆ ಬೆಳೆಯನ್ನು ಹೇಗೆ ತೆಗೆಯುತ್ತಾರೆಂಬುದನ್ನು ನೋಡಬೇಕು. ವಲೆನ್ಸಿಯ ನಗರದ ಉತ್ತರಕ್ಕಿರುವ ಅಲ್ಬೊರಾಯ ಮೊದಲಾದ ಊರುಗಳ ಮರಳು ಬೆರೆತ ಮಣ್ಣಿನಲ್ಲಿ ಇದನ್ನು ಬೆಳೆಯುತ್ತಾರೆ. ಆ ಪ್ರದೇಶದ ಚೂಫಾಕ್ಕೆ 1995ರಿಂದ ಸ್ಥಳನಾಮದ ರಕ್ಷಣೆಯೂ ಇದೆ. ವಸಂತದ ಕೊನೆಗೆ ನೆಡುತ್ತಾರೆ. ಹೇಮಂತದಲ್ಲಿ ಎಲೆಗಳು ತಾವಾಗಿಯೇ ಒಣಗಿದ ಮೇಲೆ ಆ ಒಣಹುಲ್ಲಿಗೆ ಬೆಂಕಿ ಹಾಕಿ ಹೊಲವನ್ನು ಬರಿದು ಮಾಡುವುದು ಹಿಂದಿನಿಂದ ಬಂದ ಪದ್ಧತಿ. ಆಮೇಲೆ ಯಂತ್ರವು ಮೇಲ್ಪದರದ ಮಣ್ಣನ್ನೆಲ್ಲ ಎತ್ತಿ ಜರಡಿ ಹಿಡಿದು ಗಡ್ಡೆಗಳನ್ನು ಬೇರ್ಪಡಿಸುತ್ತದೆ. ಬೆಂಕಿಯಲ್ಲಿ, ಜರಡಿಯಲ್ಲಿ ಎಷ್ಟು ತ್ರಸ ಜೀವಗಳಿಗೆ ಬಾಧೆಯಾಗುವುದೆಂದು ಊಹಿಸಬಹುದು. ತೊಳೆದ ಗಡ್ಡೆಗಳನ್ನು ಗಾಳಿಯಾಡುವ ಅಟ್ಟಗಳಲ್ಲಿ ಹರಡಿ, ಆಗಾಗ ಕೈಯಾಡಿಸುತ್ತ ಸುಮಾರು ಮೂರು ತಿಂಗಳು ಒಣಗಿಸುತ್ತಾರೆ. ಅವು ಸುಕ್ಕುಗಟ್ಟಿ ಕಲ್ಲಿನಂತಾಗುತ್ತವೆ. ಮುಂದಿನ ವರ್ಷ ನೆಡುವುದಕ್ಕೆ ಬೇರೆ ಬೀಜವಿಲ್ಲ. ಒಣಗಿಸಿಟ್ಟ ಇವೇ ಗಡ್ಡೆಗಳನ್ನು ನೀರಿನಲ್ಲಿ ನೆನೆಸಿ ನೆಡುತ್ತಾರೆ. ಅವು ಚಿಗುರುತ್ತವೆ.

ಬೇಯಿಸಿ ಒಣಗಿಸಿದ ಅರಿಶಿನದ ಕೊಂಬು ಮತ್ತೆ ಚಿಗುರದು. ಸಿಪ್ಪೆ ಹೆರೆದು ಬಿಸಿಲಿಗೆ ಒಣಗಿಸಿದ ಶುಂಠಿಯೂ ಚಿಗುರದು. ಒಣಗಿದ ಚೂಫಾ ಚಿಗುರುತ್ತದೆ. ಆದುದರಿಂದ ಒಣಗುವಿಕೆ ಎಂಬ ಪದವು ಒಂದೇ ಆದರೂ ಅರ್ಥ ಒಂದಲ್ಲ. ಮೊದಲಿನವು ಒಣಗಿ ಅಚಿತ್ತವಾದವು. ಇದು ಒಣಗಿಯೂ ಯೋನಿಭೂತವಾಗಿಯೇ ಉಳಿದದ್ದು. ಹಸಿಯೆಂಬ ವಿಶೇಷಣದ ಆಶ್ರಯ ಇದಕ್ಕೆ ದೊರೆಯದು ಎಂದು ನನಗೆ ತೋರಿತು.

ಇಷ್ಟಕ್ಕೆ ನಿಲ್ಲಿಸಿದ್ದರೆ ವಾದದಲ್ಲಿ ಗೆದ್ದಂತಾಗುತ್ತಿತ್ತು. ಆದರೆ ಮೊಮ್ಮಗಳು ಎದುರಿಗಿದ್ದರೆ ಏನು ಕೇಳುವಳೆಂದು ನನಗೆ ಗೊತ್ತು. ಹೆಸರುಕಾಳೂ ಕಡಲೆಯೂ ನೆನೆಸಿದರೆ ಮೊಳೆಯುತ್ತವೆ, ಅವನ್ನು ಬೇಯಿಸಿ ಉಣ್ಣುವುದಿಲ್ಲವೇ? ನಿಜ. ಮೊಳೆಯುವುದೊಂದೇ ತ್ಯಾಗಕ್ಕೆ ಕಾರಣವಾಗದು. ಕಾಳು ಪ್ರತ್ಯೇಕ ವನಸ್ಪತಿಯ ಬೀಜ, ಕಂದವು ಅನಂತಕಾಯ. ಆ ಭೇದವನ್ನು ಮೊದಲು ಒಪ್ಪಿದವರಿಗಷ್ಟೇ ಒಣಗಿದ್ದು ಹಸಿಯೆಂಬ ಎರಡನೆಯ ಪ್ರಶ್ನೆ ಏಳುತ್ತದೆ. ಇನ್ನು ಹಿಟ್ಟಿನಲ್ಲಿ ಜೀವವಿರಲಿಲ್ಲವೆಂಬ ಮಾತು. ಅದೂ ನಿಜವೇ. ಒಣಗಿಸಿದ್ದು, ಬೇಯಿಸಿದ್ದು, ಯಂತ್ರದಿಂದ ಚೂರ್ಣವಾದದ್ದು ಪ್ರಾಸುಕವಾಗುತ್ತದೆಂದು ಶಾಸ್ತ್ರವೇ ಹೇಳುತ್ತದೆ. ಆದರೆ ಪ್ರಾಸುಕತೆಯು ಎಲೆಯ ಮೇಲೆ ಬಂದ ವಸ್ತುವಿನಲ್ಲಿ ಈಗ ಜೀವವಿದೆಯೇ ಎಂಬ ಪ್ರಶ್ನೆಗೆ ಉತ್ತರ. ಕಂದಮೂಲ ತ್ಯಾಗವು ಆ ವಸ್ತು ಎಲೆಯ ಮೇಲೆ ಬರುವುದಕ್ಕಾಗಿ ಏನಾಯಿತು ಎಂಬ ಪ್ರಶ್ನೆಗೆ ಉತ್ತರ. ಇಲ್ಲವಾದರೆ ಬೆಂದ ಆಲೂಗಡ್ಡೆಗೆ ಯಾವ ಅಡ್ಡಿಯೂ ಇರುತ್ತಿರಲಿಲ್ಲ. ಕೃತ, ಕಾರಿತ, ಅನುಮೋದನ ಎಂಬ ಮೂರನ್ನೂ ಎಣಿಸುವ ಧರ್ಮದಲ್ಲಿ ಕೊಂಡು ತಿನ್ನುವವನು ಅಗೆದವನಿಂದ ಪೂರ್ತಿ ಬೇರೆಯಾಗಿ ನಿಲ್ಲಲಾರನು.

ಹಾಗೆಂದ ಮೇಲೆ ಒಣಶುಂಠಿಯೂ ಒಮ್ಮೆ ಹಸಿಶುಂಠಿಯೇ ಆಗಿತ್ತಲ್ಲವೇ? ಅದನ್ನೂ ಅಗೆದೇ ತೆಗೆದರಲ್ಲವೇ? ಇಲ್ಲಿ ಜಾಣತನದ ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಹೌದು, ಅಗೆದೇ ತೆಗೆದರು. ಒಣಶುಂಠಿಯ ಬಳಕೆಯು ನಿರ್ದೋಷವೆಂದು ಸಾಧಿಸಲು ಆಗದು. ಅದು ಚಿಟಿಕೆಯ ಪ್ರಮಾಣದಲ್ಲಿ, ಬಹುತೇಕ ಔಷಧಕ್ಕಾಗಿ, ಫಲ ಮತ್ತು ಘಾತಗಳನ್ನು ತೂಗಿ ಗೃಹಸ್ಥನಿಗೆ ಬಿಟ್ಟುಕೊಟ್ಟ ಅವಕಾಶ. ಆ ಅವಕಾಶದ ಬಾಗಿಲು ಚಿಕ್ಕದು. ಚಿಟಿಕೆ ಶುಂಠಿ ಒಳಹೋದ ದಾರಿಯಲ್ಲಿ ಸೇರುಗಟ್ಟಲೆ ಹಿಟ್ಟಿನ ಉಂಡೆಗಳನ್ನು ಸಾಗಿಸುವುದು ನ್ಯಾಯವಲ್ಲ. ಮುಸ್ತೆಯನ್ನು ಜ್ವರದ ಕಷಾಯಕ್ಕೆ ಬಳಸುವುದೂ ಚೂಫಾವನ್ನು ನಾಲಗೆಗಾಗಿ ಬಳಸುವುದೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವಲ್ಲ.

ಇಷ್ಟೆಲ್ಲ ವಸ್ತುವಿನ ವಿಚಾರವಾಯಿತು. ವ್ರತದ ವಿಚಾರ ಇನ್ನೂ ಉಳಿದಿದೆ, ಅದೇ ಕಠಿನವಾದದ್ದು. ಅರಿಯದೆ ತಿಂದವರ ವ್ರತ ಭಂಗವಾಯಿತೇ?

ಸಮಂತಭದ್ರರು ಅದೇ ಪ್ರಕರಣದಲ್ಲಿ, ಯೋಗ್ಯವಾದ ವಿಷಯದಿಂದಲೂ ಸಂಕಲ್ಪಪೂರ್ವಕವಾಗಿ ವಿರತನಾಗುವುದೇ ವ್ರತವೆಂದು ಅರ್ಥ ಬರುವಂತೆ ಹೇಳಿದ್ದಾರೆ. ಸಂಕಲ್ಪದಿಂದ ಕಟ್ಟಿದ್ದು ಸಂಕಲ್ಪವಿಲ್ಲದೆ ಒಡೆಯುವುದೆಂತು? ಹಿಂಸೆಯ ಲಕ್ಷಣವನ್ನು ಹೇಳುವಾಗಲೂ ತತ್ತ್ವಾರ್ಥಸೂತ್ರವು ಪ್ರಾಣಹಾನಿಯೊಡನೆ ಪ್ರಮಾದದ ಯೋಗವನ್ನು ಕೂಡಿಸುತ್ತದೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾಗಾದಿಗಳು ಹುಟ್ಟುವುದನ್ನೇ ಹಿಂಸೆಯೆಂದು ತಿಳಿಸುತ್ತಾರೆ. ಅಮಿತಗತಿ ಆಚಾರ್ಯರು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ನಾಲ್ಕು ಹಂತಗಳನ್ನು ಎಣಿಸುವಾಗಲೂ ಮೊದಲನೆಯ ಹಂತವು ಮನಸ್ಸಿನ ಶುದ್ಧಿಗೆ ಬಂದ ಹಾನಿ. ಕೈ ಬಾಯಿಗಳ ಸರದಿ ಆಮೇಲೆ. ಈ ಆಧಾರಗಳನ್ನೆಲ್ಲ ಜೋಡಿಸಿಕೊಂಡು ನಾನು ಅಕ್ಕನವರ ಬಳಿಗೆ ಹೋಗಿ, ವ್ರತಕ್ಕೆ ಭಂಗ ಬಂದಿಲ್ಲ, ಅರಿಯದೆ ಆದದ್ದು, ಚಿಂತಿಸಬೇಡ ಎಂದು ಹೇಳಿದೆನು. ಸಮಾಧಾನ ಹೇಳಲು ಹೋದವನಿಗೆ ತನ್ನ ಪಾಂಡಿತ್ಯದ ಬಗೆಗೆ ಸ್ವಲ್ಪ ತೃಪ್ತಿಯೂ ಇತ್ತೆಂಬುದನ್ನು ಮುಚ್ಚಿಡಲಾರೆನು.

ಅಕ್ಕನವರು ಜಪಮಾಲೆಯನ್ನು ಕೆಳಗಿಟ್ಟು, "ತಮ್ಮಾ, ನೀನು ಹೇಳುವುದೆಲ್ಲ ಅರಿಯದವರಿಗೆ. ಮೊದಲನೆಯ ಉಂಡೆ ಬಾಯಿಗೆ ಇಟ್ಟಾಗಲೇ ನನಗೆ ಮಣ್ಣಿನ ವಾಸನೆ ಬಂದಿತ್ತು. ಹೊಲದಲ್ಲಿ ಜೇಕು ಕಿತ್ತವಳಿಗೆ ಆ ವಾಸನೆ ತಿಳಿಯದೇ? ಇದು ಯಾವುದರದು ಎಂದು ಕೇಳಬೇಕೆನಿಸಿತು. ಕೇಳಿದರೆ ಹುಡುಗಿ ಅಷ್ಟು ದೂರದಿಂದ ಕಳಿಸಿದ್ದಕ್ಕೆ ಹೆಸರಿಟ್ಟಂತೆ ಆದೀತೆಂದು ಸುಮ್ಮನಾದೆ. ಅದೂ ಪೂರ್ತಿ ನಿಜವಲ್ಲ. ರುಚಿಯಾಗಿತ್ತು, ಇನ್ನೊಂದು ಬೇಕೆನಿಸಿತ್ತು. ಅದಕ್ಕೆ ಸುಮ್ಮನಾದೆ" ಎಂದರು.

ನಾನು ತಂದಿದ್ದ ಆಧಾರಗಳೆಲ್ಲ ಸರಿಯಾಗಿಯೇ ಇದ್ದುವು. ಅವು ಈಗ ಅವರ ಪರವಾಗಿ ಅಲ್ಲ, ಅವರ ಮಾತಿನ ಪರವಾಗಿ ನಿಂತುವು. ಪ್ರಮಾದವೆಂದರೆ ಎಚ್ಚರ ತಪ್ಪುವುದು. ಅರಿವಿಲ್ಲದಿರುವುದು ಪ್ರಮಾದವಲ್ಲ. ಅರಿಯುವ ಅವಕಾಶವು ಬಂದಾಗ, ಅರಿತರೆ ಕಳೆದುಕೊಳ್ಳಬೇಕಾದೀತೆಂದು ಅರಿಯದಿರುವುದನ್ನು ಆರಿಸಿಕೊಳ್ಳುವುದು ಪ್ರಮಾದ. ಆ ಕ್ಷಣ ಅತ್ಯಲ್ಪವಾದದ್ದು. ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವಿನದು. ಹೊರಗಿನವರು ಯಾರೂ ಅದನ್ನು ಕಾಣಲಾರರು. ಅಕ್ಕನವರು ಕಂಡರು.

ಆದರೂ ಅವರ ಮಾತಿನ ಮೊದಲ ಭಾಗವನ್ನು ನಾನು ಅಷ್ಟು ಸುಲಭವಾಗಿ ಬಿಡಲಾರೆ. ಕೊಟ್ಟವರ ಮನಸ್ಸು ನೋಯಬಾರದೆಂಬ ಸಂಕೋಚವೂ ಅಹಿಂಸೆಯೇ. ಪ್ರತಿಯೊಂದು ತುತ್ತಿಗೂ ಇದು ಏನು, ಎಲ್ಲಿಯದು, ಯಾರು ಮಾಡಿದ್ದು ಎಂದು ತನಿಖೆ ನಡೆಸುವ ವ್ರತಿಗಳನ್ನು ನಾವು ಕಂಡಿದ್ದೇವೆ. ಅವರು ಮನೆಗೆ ಬರುತ್ತಾರೆಂದರೆ ಗೃಹಿಣಿಯರ ಎದೆ ನಡುಗುತ್ತದೆ. ಅಂತಹ ತನಿಖೆಯಲ್ಲಿ ಜೀವದಯೆಗಿಂತ ತನ್ನ ಶುದ್ಧಿಯ ಅಭಿಮಾನವೇ ಹೆಚ್ಚಾಗಿರುವುದುಂಟು. ಕೇಳದಿದ್ದರೆ ಪ್ರಮಾದ, ಕೇಳಿದರೆ ಕಷಾಯ ಎಂಬ ಇಕ್ಕಟ್ಟು ಇದು. ನನಗೆ ತೋರುವ ಮಟ್ಟಿಗೆ ಭೇದವಿರುವುದು ಯಾವಾಗ ಕೇಳುತ್ತೇವೆ, ಯಾರನ್ನು ಕೇಳುತ್ತೇವೆ ಎಂಬುದರಲ್ಲಿ. ವಸ್ತು ಮನೆಗೆ ಬಂದಾಗ, ಅಡುಗೆಗೆ ಮೊದಲು, ಕೊಟ್ಟವಳನ್ನು ಪ್ರೀತಿಯಿಂದ ಕೇಳುವುದು ಒಂದು. ಎಲೆಯ ಮುಂದೆ ಕುಳಿತು ಬಡಿಸುವವಳನ್ನು ಅಪರಾಧಿಯಂತೆ ಕೇಳುವುದು ಇನ್ನೊಂದು. ಆ ಪೊಟ್ಟಣ ಬಿಚ್ಚಿದ ದಿನ ಮನೆಯಲ್ಲಿ ಐದು ಜನ ಓದುಬರಹ ಬಲ್ಲವರಿದ್ದೆವು. ಹೊಸ ಹೆಸರಿನ ವಸ್ತುವನ್ನು ಹೊಸದೆಂದು ಮೆಚ್ಚಿದೆವೇ ಹೊರತು ಅದು ಯಾವುದರ ಬೀಜವೆಂದು ಒಬ್ಬರೂ ವಿಚಾರಿಸಲಿಲ್ಲ. ಆ ಹೊಣೆಯನ್ನು ಮುದುಕಿಯ ನಾಲಗೆಯ ಮೇಲೆ ಬಿಟ್ಟುದು ನಮ್ಮ ಪ್ರಮಾದ. ಮೊಮ್ಮಗಳ ಮೇಲೆ ಅದನ್ನು ಹೊರಿಸಿದ್ದು ನನ್ನದು.

ಅನಂತ ಚತುರ್ದಶಿಯ ದಿನ ಅಕ್ಕನವರು ಉಪವಾಸ ಮಾಡಿದರು. ಅದು ಪ್ರತಿವರ್ಷವೂ ಮಾಡತಕ್ಕದ್ದೇ. ಆ ವರ್ಷ ಪ್ರತಿಕ್ರಮಣದಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕುಳಿತರು. ಮುಂದೆ ನಗರಕ್ಕೆ ಮುನಿಸಂಘ ಬಂದಾಗ ನಡೆದುದನ್ನು ನಿವೇದಿಸಿ, ಅವರು ಹೇಳಿದ ಪ್ರಾಯಶ್ಚಿತ್ತವನ್ನು ಸ್ವೀಕರಿಸಿದರು. ಏನೆಂದು ನಮಗೆ ಹೇಳಲಿಲ್ಲ; ನಾವು ಕೇಳಲೂ ಇಲ್ಲ. ಕ್ಷಮಾವಣಿಯ ದಿನ ಮೊಮ್ಮಗಳಿಗೆ ತಾವಾಗಿಯೇ ದೂರವಾಣಿ ಮಾಡಿಸಿ, "ನಿನ್ನಿಂದ ಏನೂ ಕೆಡಲಿಲ್ಲ ಮಗಾ, ನೀನು ಕಳಿಸಿದ್ದನ್ನು ನಾನೇ ಕೇಳದೆ ತಿಂದೆ, ಕ್ಷಮಿಸು" ಎಂದರು. ಆ ಕಡೆಯಿಂದ ಏನು ಉತ್ತರ ಬಂತೋ ತಿಳಿಯದು. ನನಗೆ ಅವಳ ಕ್ಷಮೆ ದೊರೆಯಲು ಇನ್ನೂ ಮೂರು ವಾರ ಹಿಡಿಯಿತು.

ಹಿಟ್ಟು ಅಷ್ಟಿಷ್ಟು ಉಳಿದಿದ್ದುದನ್ನು ನಿಯಮವಿಲ್ಲದ ನೆರೆಯವರೊಬ್ಬರು ಕೊಂಡೊಯ್ದರು. ಕೊಡುವುದು ಅನುಮೋದನವಾಗದೇ ಎಂದು ಆಗಲೂ ಸ್ವಲ್ಪ ಚರ್ಚೆಯಾಯಿತು. ಬಿಸಾಡುವುದಕ್ಕಿಂತ ಲೇಸೆಂದು ಸುಮ್ಮನಾದೆವು. ಉಳಿದದ್ದು ಇಡಿಯ ಗಡ್ಡೆಗಳ ಪೊಟ್ಟಣ. ಅದನ್ನು ಏನು ಮಾಡಬೇಕು? ಕುಟ್ಟಿ ಪುಡಿಮಾಡುವುದು ಘಾತ. ತಿನ್ನಲು ಇನ್ನೊಬ್ಬರಿಗೆ ಕೊಟ್ಟರೆ ಘಾತ ಮಾಡಿಸಿದಂತೆ. ಹಿಟ್ಟಿನ ಹಾಗೆ ಇದರಲ್ಲಿ ಜೀವವಿಲ್ಲವೆನ್ನುವಂತಿಲ್ಲ. ಮಣ್ಣಿಗೆ ಹಾಕಿದರೆ ಚಿಗುರಿ ಹಬ್ಬುತ್ತದೆ. ಯಾರದೋ ಹೊಲಕ್ಕೆ ಕಳೆಯಾಗಿ ಹೊಕ್ಕರೆ ಆ ರೈತನು ವರ್ಷ ವರ್ಷವೂ ಅಗೆದು ಸುಟ್ಟು ಕೊಲ್ಲುತ್ತಾನೆ, ಅದರ ಬೀಜ ಬಿತ್ತಿದವರು ನಾವಾಗುತ್ತೇವೆ. ಕೃಷಿ ಓದುವ ಹುಡುಗನು ನಾಲ್ಕನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ, ಇವು ನಿಜವಾಗಿಯೂ ಮೊಳೆಯುವುವೇ ಪರೀಕ್ಷಿಸೋಣವೆಂದನು. ತಿಳಿಯುವ ಕುತೂಹಲಕ್ಕಾಗಿ ಎಬ್ಬಿಸಿ ಆಮೇಲೆ ಸಾಯಲು ಬಿಡುವುದು ಬೇಡವೆಂದು ಅಕ್ಕನವರು ತಡೆದರು.

ಕೊನೆಗೆ ಅವನ್ನು ಒಂದು ಬಿಗಿಯಾದ ತಗಡಿನ ಡಬ್ಬಿಯಲ್ಲಿ ತುಂಬಿ ಅಟ್ಟದ ಮೇಲಿಟ್ಟಿದ್ದೇವೆ. ಒಣಗಿದ ಸ್ಥಿತಿಯಲ್ಲಿ ಎಷ್ಟು ಕಾಲ ಇರುವುವೋ ಇರಲಿ, ತಾವಾಗಿಯೇ ನಿರ್ಜೀವವಾಗುವವರೆಗೆ ನೀರು ತಗಲದಿರಲಿ ಎಂಬುದು ಅಕ್ಕನವರ ನಿರ್ಣಯ. ಇದು ಶಾಸ್ತ್ರಸಮ್ಮತವೋ ಅಲ್ಲವೋ ನಾನು ಹೇಳಲಾರೆ. ಪ್ರತಿವರ್ಷ ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ, "ತಮ್ಮಾ, ಅಟ್ಟದ ಹೆಂಚು ಸೋರುತ್ತಿಲ್ಲವಷ್ಟೇ? ಆ ಡಬ್ಬಿ ಒಮ್ಮೆ ನೋಡು" ಎಂದು ನೆನಪಿಸುತ್ತಾರೆ. ನಾನು ಏಣಿ ಹತ್ತಿ ಕೈಯಿಂದ ಮುಟ್ಟಿ ನೋಡಿ, ಒಣಗಿಯೇ ಇದೆ ಎಂದು ಹೇಳಿ ಇಳಿಯುತ್ತೇನೆ.